ನಾನು ಕೂತರೆ ಆರುವ ದೀಪ

ಮದುವೆಯಾಗಿ ಹೊಸನಗರಕ್ಕೆ ಬಂದ ಮೂರನೇ ವರ್ಷ ನಮ್ಮ ಮನೆಗೆ ಮೋಟಾರ್ ಸೈಕಲ್ಲು ಬಂತು. ಅರವತ್ತರ ದಶಕದ ನಡುಭಾಗ. ನನ್ನ ಗಂಡ ಮಲೇರಿಯಾ ಇನ್ಸ್‌ಪೆಕ್ಟರ್ ಆಗಿದ್ದರು. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡು ಬರುವ ಕೆಲಸ. ಕಾಡಿನೊಳಗಿನ ಒಂಟಿಮನೆಗಳಿಗೆಲ್ಲ ಸೈಕಲ್ ತುಳಿದು ಅವರಿಗೆ ಸಾಕಾಗಿತ್ತು. ಶರಾವತಿ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಓವರ್‌ಸಿಯರ್ ಒಬ್ಬರು ಊರು ಬಿಟ್ಟು ಹೋಗುವಾಗ ಮಾರಿದ ಹಳೆಯ ಗಾಡಿ ಅದು. ಮುಂದೆ ಸವಾರನಿಗೊಂದು ಸ್ಪ್ರಿಂಗಿನ ಸೀಟು, ಹಿಂದೆ ಮಡ್‌ಗಾರ್ಡಿನ ಮೇಲೆ ಇನ್ನೊಂದು ಚಿಕ್ಕ ಸೀಟು.

ಮನೆಯಲ್ಲಿ ನಾವು ಮೂವರೇ. ಅವರು, ನನ್ನ ಅತ್ತೆ, ನಾನು. ಬಾವಿಕಟ್ಟೆ, ಅಡುಗೆಮನೆ, ಹಿತ್ತಲು ಇಷ್ಟರೊಳಗೆ ನನ್ನ ದಿನ ಮುಗಿಯುತ್ತಿತ್ತು. ಮುಂಬಾಗಿಲಲ್ಲಿ ನಿಂತು ರಸ್ತೆ ನೋಡಿದರೆ ಅತ್ತೆ ಒಳಗಿನಿಂದಲೇ ಏನಾದರೂ ಕೆಲಸ ಹೇಳಿ ಕರೆಯುತ್ತಿದ್ದರು. ನನ್ನ ತವರು ತೀರ್ಥಹಳ್ಳಿಯ ಹತ್ತಿರ, ಇಪ್ಪತ್ತು ಮೈಲಿ ಚಿಲ್ಲರೆ ದೂರ. ಬಸ್ಸಿತ್ತು. ಆದರೆ ಇನ್ಸ್‌ಪೆಕ್ಟರರ ಹೆಂಡತಿ ಒಬ್ಬಳೇ ಬಸ್ಸು ಹತ್ತುವುದು ಚಂದವಲ್ಲ ಎಂದು ನನ್ನ ಗಂಡ ಮದುವೆಯಾದ ತಿಂಗಳಲ್ಲೇ ಹೇಳಿಬಿಟ್ಟಿದ್ದರು. ಜೊತೆಗೆ ಬರಲು ಅವರಿಗೆ ಪುರಸೊತ್ತಿರಲಿಲ್ಲ.

ಗಾಡಿ ಬಂದ ಮೇಲೆ ಭಾನುವಾರಗಳು ಬೇರೆಯಾದವು. ಒಂದು ವಾರ ಸಾಗರದ ಪೇಟೆ, ಇನ್ನೊಂದು ವಾರ ನನ್ನ ಅವ್ವನ ಮನೆ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಊರು ದಾಟುವವರೆಗೆ ಸೀಟಿನ ಕಬ್ಬಿಣ ಹಿಡಿದುಕೊಳ್ಳಬೇಕು, ಕೊನೆಯ ಮನೆ ಕಳೆದ ಮೇಲೆ ಅವರ ಹೆಗಲು ಹಿಡಿಯಬಹುದು. ಅದು ಅವರು ಹೇಳಿಕೊಟ್ಟ ಕ್ರಮ. ವಾರದ ಆರು ದಿನ ನಾನು ಆ ಕೊನೆಯ ಮನೆಯನ್ನು ನೆನೆಸಿಕೊಂಡು ಕಳೆಯುತ್ತಿದ್ದೆ.

ಗಾಡಿಯ ಹಿಂದಿನ ದೀಪ ಮೊದಲಿಂದಲೂ ಸತ್ತಿತ್ತು. ಒಂದು ಸಂಜೆ ಸಾಗರದಿಂದ ಹೊರಡುವಾಗ ಪೊಲೀಸರೊಬ್ಬರು ತಡೆದು, ದೀಪವಿಲ್ಲದೆ ಓಡಿಸಬೇಡಿ, ಹಿಂದಿನಿಂದ ಲಾರಿ ಬಂದರೆ ಕಾಣುವುದಿಲ್ಲ ಎಂದರು. ನಾಲ್ಕು ಜನರ ಎದುರಿಗೆ ಹೇಳಿಸಿಕೊಂಡದ್ದು ಅವರಿಗೆ ಬಹಳ ಅವಮಾನವಾಯಿತು. ಮುಂದಿನ ಭಾನುವಾರ ಸಾಗರದ ಮೆಕ್ಯಾನಿಕ್ಕಿನ ಹತ್ತಿರ ಹೊಸ ದೀಪ ಹಾಕಿಸಿದರು. ಆ ಗಾಡಿಯದ್ದಲ್ಲ, ಯಾವುದೋ ಬೇರೆ ಗಾಡಿಗೆ ಮಾಡಿದ, ಅಂಗೈ ಅಗಲದ ಕೆಂಪು ಗಾಜಿನ ದೀಪ. ಮೆಕ್ಯಾನಿಕ್ಕು ಮಡ್‌ಗಾರ್ಡಿಗೆ ಎರಡು ತೂತು ಕೊರೆದು, ದೀಪ ಕೂರಿಸಿ, ಅದರ ವೈರನ್ನು ಹಿಂದಿನ ಸೀಟಿನ ಅಡಿಯಿಂದ ಎಳೆದು ಬ್ಯಾಟರಿಗೆ ಸೇರಿಸಿದ. ಸ್ವಿಚ್ಚು ತಿರುಗಿಸಿದ ಕೂಡಲೆ ಚೆನ್ನಾಗಿ ಹತ್ತಿತು. ನಾವು ಹೊರಟೆವು. ಪೇಟೆ ದಾಟುವ ಮೊದಲೇ ಅಂಗಡಿಯವರೊಬ್ಬರು, ಸ್ವಾಮಿ, ಹಿಂದೆ ದೀಪ ಇಲ್ಲ ಎಂದು ಕೂಗಿ ಹೇಳಿದರು.

ಇಳಿದು ನೋಡಿದರೆ ಉರಿಯುತ್ತಿತ್ತು.

ಆಮೇಲೆ ಎರಡು ತಿಂಗಳು ಇದೇ ಆಯಿತು. ಶಿವಮೊಗ್ಗದಿಂದ ಹೊಸ ಬಲ್ಬು ತರಿಸಿ ಹಾಕಿದ್ದಾಯಿತು, ಬಲ್ಬು ಕೂರುವ ಹೋಲ್ಡರು ಬದಲಾಯಿತು, ಸ್ವಿಚ್ಚು ಬಿಚ್ಚಿ ತಿಕ್ಕಿದ್ದಾಯಿತು. ಅಂಗಡಿಯ ಮುಂದೆ ನಿಂತಾಗ ದೀಪ ಸರಿಯಾಗಿರುತ್ತದೆ. ಅವರೊಬ್ಬರೇ ಹಳ್ಳಿಗಳಿಗೆ ಹೋಗಿಬಂದರೂ ಸರಿಯಾಗಿರುತ್ತದೆ. ನಾನು ಹತ್ತಿದರೆ ಇಲ್ಲ. ಒಂದು ಸಂಜೆ ಮನೆಯಂಗಳದಲ್ಲಿ ಅವರೇ ನನ್ನನ್ನು ಹತ್ತಿಸಿ ಇಳಿಸಿ ನೋಡಿದರು. ನಗುತ್ತ, "ನೀ ಕೂತ್ರೆ ಆರ್ತದೆ ಮಾರಾಯ್ತಿ" ಎಂದರು.

ಅವರಿಗೆ ಅದು ತಮಾಷೆ. ಜಗಲಿಯಲ್ಲಿ ಕುಳಿತಿದ್ದ ಅತ್ತೆ ನಗಲಿಲ್ಲ. ನನಗೆ ಮೂರು ವರ್ಷದಿಂದ ಮಕ್ಕಳಾಗಿರಲಿಲ್ಲ. ಅಂದು ಕತ್ತಲಾಗುವ ಹೊತ್ತಿಗೆ ದೇವರ ಮುಂದೆ ದೀಪ ಹಚ್ಚಲು ನಾನು ಬತ್ತಿ ಹೊಸೆಯುತ್ತಿದ್ದರೆ ಅತ್ತೆ ಬಂದು ಬೆಂಕಿಪೆಟ್ಟಿಗೆಯನ್ನು ನನ್ನ ಪಕ್ಕದಿಂದ ತೆಗೆದುಕೊಂಡರು. "ಇನ್ನು ನಾನೇ ಹಚ್ತೀನಿ ಬಿಡು" ಎಂದರು. ದನಿ ಏರಿಸಿರಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ಭಾನುವಾರಗಳು ನಿಂತವು. ದೀಪವಿಲ್ಲದೆ ನನ್ನನ್ನು ಕೂರಿಸಿಕೊಂಡು ಹೋದರೆ ಪೊಲೀಸರು ಹಿಡಿಯುತ್ತಾರೆ ಎಂಬುದು ಅವರ ಕಾರಣ. ಬೆಳಗ್ಗೆ ಹೋಗಿ ಬಿಸಿಲಿರುವಾಗಲೇ ಬರೋಣವೆಂದರೆ, ನಡುವೆ ಮಳೆ ಹಿಡಿದು ತಡವಾದರೆ ಏನು ಮಾಡುವುದು ಎನ್ನುತ್ತಿದ್ದರು. ಆ ನಡುವೆಯೇ ನನ್ನ ತಂಗಿಯ ನಿಶ್ಚಿತಾರ್ಥ ಬಂತು. ಹಿಂದಿನ ದಿನ ರಾತ್ರಿಯವರೆಗೂ ಕರೆದುಕೊಂಡು ಹೋಗುತ್ತಾರೆಂದೇ ನಂಬಿದ್ದೆ. ಸೀರೆ ಮಡಿಸಿಟ್ಟಿದ್ದೆ. ಬೆಳಗ್ಗೆ ಅವರು ಹಣ್ಣಿನ ಚೀಲವನ್ನು ನನ್ನ ಸೀಟಿಗೆ ಕಟ್ಟಿಕೊಂಡು ಒಬ್ಬರೇ ನನ್ನ ತವರಿಗೆ ಹೋದರು. ಸಂಜೆ ಬಂದು, "ನಿಂಗೆ ಜ್ವರ ಅಂತ ಹೇಳಿದೀನಿ" ಎಂದರು. ಊರೂರು ತಿರುಗಿ ಜನರ ಜ್ವರ ಪರೀಕ್ಷಿಸುವವರು ನನಗಿಲ್ಲದ ಜ್ವರವನ್ನು ಹೇಳಿ ಬಂದಿದ್ದರು. ಅಂದು ನಾನು ಊಟ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ.

ಅದಾಗಿ ಹದಿನೈದು ದಿನಕ್ಕೆ ಅವರ ಮೇಲಧಿಕಾರಿ ಜೀಪಿನಲ್ಲಿ ಬಂದು ಆಗುಂಬೆ ಕಡೆಯ ಹಳ್ಳಿಗಳಿಗೆ ಮೂರು ದಿನದ ಮಟ್ಟಿಗೆ ಅವರನ್ನು ಕರೆದುಕೊಂಡು ಹೋದರು. ಗಾಡಿ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಉಳಿಯಿತು. ಮಧ್ಯಾಹ್ನವೂ ಮಬ್ಬಾಗಿರುವ ಜಾಗ. ಅತ್ತೆ ಮಲಗಿದ ಹೊತ್ತು ನೋಡಿ ನಾನು ಒಳಗೆ ಹೋಗಿ ಹಿಂದಿನ ದೀಪದ ಸ್ವಿಚ್ಚು ತಿರುಗಿಸಿದೆ. ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬಿತ್ತು. ಗಾಡಿ ಸ್ಟ್ಯಾಂಡಿನ ಮೇಲಿತ್ತು. ಮೆಲ್ಲಗೆ ಹತ್ತಿ ಕೂತೆ. ಗೋಡೆ ಕಪ್ಪಾಯಿತು. ಇಳಿದೆ, ಕೆಂಪಾಯಿತು. ಮತ್ತೆ ಕೂತೆ, ಮತ್ತೆ ಕಪ್ಪು. ಅಲ್ಲಿಯವರೆಗೆ ಎಲ್ಲೋ ಒಂದು ಕಡೆ, ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎಂಬ ಧೈರ್ಯವಿತ್ತು. ಅದೂ ಹೋಯಿತು. ಆರಿದ ದೀಪದ ಮೇಲೆ ಹಾಗೇ ಕುಳಿತು ಬಹಳ ಹೊತ್ತು ಅಳುತ್ತಿದ್ದೆ.

ಯಾಕೆ ಹಾಗೆ ತೋಚಿತೋ ಹೇಳಲಾರೆ. ಮೂಲೆಯಲ್ಲಿ ಅರ್ಧ ಮೂಟೆ ಭತ್ತವಿತ್ತು. ಅದನ್ನು ತಬ್ಬಿ ಎತ್ತಿ ನನ್ನ ಸೀಟಿನ ಮೇಲೆ ಕೂರಿಸಿದೆ.

ದೀಪ ಆರಿತು.

ಮೂಟೆ ಎತ್ತಿದೆ, ಹತ್ತಿತು. ಮತ್ತೆ ಇಟ್ಟೆ, ಆರಿತು. ನಾಲ್ಕೈದು ಸಲ ಹಾಗೆ ಮಾಡಿದೆ. ನನ್ನ ಏದುಸಿರಿಗೋ ಏನೋ ಅತ್ತೆಗೆ ಎಚ್ಚರವಾಗಿ, ಬಾಗಿಲಲ್ಲಿ ಬಂದು ನಿಂತು, "ಎಂಥದೇ ಮಾಡ್ತಿದೀಯ ಅಲ್ಲಿ?" ಎಂದರು. ಅವರ ಕಣ್ಣೆದುರೇ ಮೂಟೆ ಇಟ್ಟು, ತೆಗೆದು ತೋರಿಸಿದೆ. ನನಗೆ ಎಲ್ಲಿಂದ ಧೈರ್ಯ ಬಂತೋ, "ಅತ್ತೆಮ್ಮ, ನೀವೂ ಒಂದ್ಸಲ ಕೂತ್ಕಳಿ" ಎಂದೆ.

ಬೇಡವೇ ಬೇಡ ಎಂದರು. ಬಿದ್ದರೆ ಸೊಂಟ ಮುರಿಯುತ್ತದೆ ಎಂದರು. ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಕೊನೆಗೆ ಹೊರಗೆ ಯಾರಾದರೂ ಇದ್ದಾರೋ ಎಂದು ನೋಡಿ, ಬಾಗಿಲು ಮುಂದೆ ಮಾಡಿ, ನನ್ನ ಹೆಗಲನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿ ಕೂತರು. ಕೊಟ್ಟಿಗೆ ಪೂರ್ತಿ ಕತ್ತಲಾಯಿತು.

"ನಾನು ನಾಲ್ಕು ಹೆತ್ತವಳು" ಎಂದರು. "ನಂಗೂ ಆರ್ತಲ್ಲ."

ಇಳಿದ ಮೇಲೆ ಅವರು ಮೊದಲು ಹೇಳಿದ್ದು, ಮಗನಿಗೆ ಇದನ್ನು ಹೇಳಬೇಡ ಎಂದು. ತಾನಿಲ್ಲದಾಗ ಗಾಡಿ ಮುಟ್ಟಿದರೆಂದು ಅವನಿಗೆ ಸಿಟ್ಟು ಬರುತ್ತದೆ ಎಂದರು. ನನಗಷ್ಟೇ ಅಲ್ಲ, ಅತ್ತೆಗೂ ಮಗನ ಭಯವಿತ್ತೆಂದು ನನಗೆ ಗೊತ್ತಾದದ್ದು ಆಗ.

ಸೀಟಿನ ಅಡಿಗೆ ಕೈ ಹಾಕಿ ವೈರನ್ನು ಬೆರಳಿನಿಂದ ಸವರುತ್ತ ಹೋದೆ. ಹೊರಗಿನ ರಬ್ಬರು ಎಲ್ಲೂ ಹರಿದಿರಲಿಲ್ಲ. ಸೀಟಿನ ಕಬ್ಬಿಣ ಬಂದು ಕೂರುವ ಒಂದು ಕಡೆ ಮಾತ್ರ ಅದು ಬೇಯಿಸಿದ ಬಳ್ಳಿಯಂತೆ ಮೆತ್ತಗಿತ್ತು. ಅಲ್ಲಿ ಒಳಗಿನ ತಂತಿ ತುಂಡಾಗಿತ್ತು. ಭಾರ ಬಿದ್ದರೆ ತುಂಡುಗಳು ಬಿಟ್ಟುಕೊಳ್ಳುತ್ತಿದ್ದವು, ಭಾರ ಹೋದರೆ ಮುಟ್ಟಿಕೊಳ್ಳುತ್ತಿದ್ದವು. ದೀಪ ಆರಿಸಿ, ತರಕಾರಿ ಹೆಚ್ಚುವ ಮೆಟ್ಟುಗತ್ತಿಯಲ್ಲಿ ವೈರು ಕತ್ತರಿಸಿ, ರಬ್ಬರು ಹೆರೆದು, ತಂತಿಗಳನ್ನು ಜಡೆ ಹೆಣೆದ ಹಾಗೆ ಹೊಸೆದೆ. ಸುತ್ತಲು ಏನೂ ಸಿಗಲಿಲ್ಲ. ಅತ್ತೆಯೇ ಮಗನ ಔಷಧಿ ಚೀಲ ಹುಡುಕಿ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ತಂದರು. ಅದನ್ನು ಸುತ್ತಿ, ಕಬ್ಬಿಣ ತಾಗದಂತೆ ವೈರನ್ನು ಪಕ್ಕಕ್ಕೆ ಸರಿಸಿ ಕಟ್ಟಿದೆ. ಮೂಟೆ ಇಟ್ಟರೂ, ನಾನು ಕೂತರೂ ಗೋಡೆ ಕೆಂಪಾಗಿಯೇ ಇತ್ತು. ಅತ್ತೆ ಮತ್ತೆ ಹತ್ತಲು ಒಪ್ಪಲಿಲ್ಲ. ಆ ಸಂಜೆ ಬತ್ತಿ ಹೊಸೆಯುವಾಗ ಬೆಂಕಿಪೆಟ್ಟಿಗೆ ಮತ್ತೆ ನನ್ನ ಪಕ್ಕದಲ್ಲಿತ್ತು.

ಆಗುಂಬೆಯಿಂದ ನನ್ನ ಗಂಡ ಬಂದ ಮೇಲೆ, ಒಂದು ಸಲ ಇವಳನ್ನು ಕೂರಿಸಿಕೊಂಡು ಸಾಗರಕ್ಕೆ ಹೋಗಿ ಬಾ, ನೋಡೋಣ ಎಂದು ಅತ್ತೆಯೇ ಹೇಳಿದರು. ಹೋದೆವು. ದಾರಿಯಲ್ಲಿ ಅವರು ಮೂರು ಸಲ ನಿಲ್ಲಿಸಿ ಹಿಂದೆ ಬಗ್ಗಿ ನೋಡಿದರು. ದೀಪ ಉರಿಯುತ್ತಲೇ ಇತ್ತು. ಶಿವಮೊಗ್ಗದಿಂದ ತರಿಸಿದ ಬಲ್ಬು ಕಡೆಗೂ ಕಚ್ಚಿ ಕೂತಿತು ನೋಡಿ ಎಂದು ಮೆಕ್ಯಾನಿಕ್ಕಿಗೆ ಹೇಳಿದರು. ಅವನೂ ಹೌದೆಂದು ತಲೆಯಾಡಿಸಿದ. ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದೆ.

ಒಂದು ತಿಂಗಳಾದ ಮೇಲೆ ಗಾಡಿ ತೊಳೆಯುವಾಗ ಅವರಿಗೆ ಬಿಳಿ ಪಟ್ಟಿ ಸಿಕ್ಕಿತು. ಬಗ್ಗಿ ನೋಡಿದರು, ಬೆರಳಿನಿಂದ ಒತ್ತಿ ನೋಡಿದರು, ಅಡುಗೆಮನೆಯ ಕಡೆ ನೋಡಿದರು. ನಾನು ಒಲೆಯ ಕಡೆ ತಿರುಗಿಕೊಂಡೆ. ಅವರು ಎರಡು ದಿನ ಮಾತೇ ಆಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹಾರ್ನು ಕೆಟ್ಟಿತು. ಒಂದು ಬೆಳಗ್ಗೆ ಅವರು ಗಾಡಿಯನ್ನು ಹಿತ್ತಲ ಬಾಗಿಲಿಗೆ ತಂದು ನಿಲ್ಲಿಸಿ, ಸ್ಕ್ರೂಡ್ರೈವರನ್ನು ಹೊಸಿಲ ಮೇಲಿಟ್ಟು ಸ್ನಾನಕ್ಕೆ ಹೋದರು. ಹಾರ್ನಿನ ವೈರು ಕಿಲುಬು ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಬಿಗಿದೆ. ಅವರು ಬಟ್ಟೆ ಹಾಕಿಕೊಂಡು ಬಂದು ಒಂದು ಸಲ ಒತ್ತಿದರು. ಕೂಗಿತು.

"ಬರೋ ಭಾನುವಾರ ತೀರ್ಥಹಳ್ಳಿಗೆ ಹೋಗಣ?" ಎಂದು ಕೇಳಿದೆ.

"ನೋಡಣ" ಎಂದು ಗಾಡಿ ಒದ್ದು ಹೊರಟರು.

ಆ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರ ಹೋದೆವು.