ಪದ್ಮಯ್ಯನ ರಾತ್ರಿಯೂಟ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಈ ದ್ವೀಪವನ್ನು ಬಾಡಿಗೆ ಮೋಟಾರಿನಲ್ಲಿ ಸುತ್ತುತ್ತಿರುವ ನಾವು ಮೂವರೂ ಮಲೆನಾಡಿನವರು. ನಾನು ಸಾಗರದವನು, ಶೇಷಗಿರಿ ತೀರ್ಥಹಳ್ಳಿ ಹತ್ತಿರದ ಮೇಳಿಗೆಯವನು, ಪದ್ಮಯ್ಯ ರಿಪ್ಪನ್‌ಪೇಟೆಯ ಜೈನ. ಹೊತ್ತು ಮುಳುಗಿದ ಮೇಲೆ ಅವನು ಉಣ್ಣುವುದಿಲ್ಲ. ಈ ದೇಶದಲ್ಲಿ ನಾವು ಓದುವ ಪಟ್ಟಣದಲ್ಲಿ ಚಳಿಗಾಲದ ಸೂರ್ಯ ಚಹಾದ ಹೊತ್ತಿಗೇ ಮುಳುಗುತ್ತಾನೆ. ಪಾಪ, ಒಬ್ಬನೇ ಮೊದಲು ಉಂಡು, ನಾವು ಉಣ್ಣುವಾಗ ಎದುರು ಕೂತು ಹರಟುತ್ತಿದ್ದ. ಬೇಸಿಗೆ ಬಂದರೂ ಬೇಗ ಉಣ್ಣುವ ರೂಢಿ ಬಿಟ್ಟಿಲ್ಲ.

ಇವತ್ತು ದಾರಿಯುದ್ದಕ್ಕೂ “ಬೇಗ ನಡೀರೋ, ಊಟ ತಪ್ತದೆ” ಎಂದು ನಮ್ಮ ತಲೆ ತಿಂದ. ಮೋಟಾರಿನ ಚಕ್ರವೋ ಎರಡು ಸಲ ಪಂಕ್ಚರ್ ಆಯಿತು. ಈ ಪುಟ್ಟ ಹೋಟೆಲು ಮುಟ್ಟಿ ಊಟಕ್ಕೆ ಕೂತಾಗ ಗೋಡೆಯ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆ. ಅದನ್ನು ನೋಡಿ ಪದ್ಮಯ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಗಡಿಯಾರ ಎಂಥಕ್ಕೆ ನೋಡ್ತೀಯ ಮಾರಾಯ? ಕಿಟಕಿ ನೋಡು,” ಎಂದ ಶೇಷಗಿರಿ.

ಸಮುದ್ರದ ಮೇಲೆ ಸೂರ್ಯ ಇನ್ನೂ ಆಳೆತ್ತರದಲ್ಲಿದ್ದ.

ಪದ್ಮಯ್ಯ ನಕ್ಕು ತಟ್ಟೆಯನ್ನು ಹತ್ತಿರ ಎಳೆದುಕೊಂಡ. ರಾತ್ರಿ ಮೂವರೂ ಒಟ್ಟಿಗೆ ಉಣ್ಣುತ್ತಿರುವುದು ಇದೇ ಮೊದಲು. ಅಷ್ಟರಲ್ಲಿ ಹೋಟೆಲಿನ ಮುದುಕಿ ಬಂದು ದಪ್ಪನೆಯ ಕಪ್ಪು ಪರದೆಯನ್ನು ಸರ್ರನೆ ಎಳೆದಳು. ಬೆಳಕಿದ್ದರೆ ಪರವೂರಿನವರಿಗೆ ನಿದ್ದೆ ಬರುವುದಿಲ್ಲವಂತೆ. ಪದ್ಮಯ್ಯನ ಕೈ ಅಲ್ಲೇ ನಿಂತಿತು. ಶೇಷಗಿರಿ ಕುರ್ಚಿ ಬೀಳುವಂತೆ ಎದ್ದು ಹೋಗಿ ಪರದೆ ಸರಿಸಿದ. ಮುದುಕಿ ನಮ್ಮನ್ನು ವಿಚಿತ್ರವಾಗಿ ನೋಡಿ ಒಳಗೆ ಹೋದಳು.

ಉಂಡು ಮುಗಿಸಿ, ತೂಕಡಿಕೆ ತಾಳಲಾರದೆ ನಾನು ಎದ್ದೆ.

“ಎಂಥ ಅವಸರನೋ? ಹೊತ್ತು ಮುಳುಗ್ಲಿಲ್ಲ ಇನ್ನೂ,” ಎನ್ನುತ್ತ ಪದ್ಮಯ್ಯ ಬೇಯಿಸಿದ ಬಟಾಣಿಯನ್ನು ಮತ್ತೆ ಬಡಿಸಿಕೊಂಡ.