ಅತ್ತೆ ಎಬ್ಬಿಸದ ಪಾತರಗಿತ್ತಿ

ಮಧ್ಯಾಹ್ನ ಪಡಸಾಲೆಯಲ್ಲಿ ನಾನು, ಸೊಸೆ, ಮೊಮ್ಮಗಳು ಮೂವರೇ ಇದ್ದೆವು. ನಾಯಿಯೂ ಕದಲದಂಥ ಬಿಸಿಲು. ಮೊಮ್ಮಗಳು ಮಾತ್ರ ಒಳಗೂ ಹೊರಗೂ ಸುತ್ತುತ್ತಿದ್ದಳು. "ಒಂದ್ ಕಡೆ ಕೂಡವಾ!" ಎಂದು ನಾನು ಮೂರನೆಯ ಸಲ ಗದರಿದಾಗ, ಅವಳ ಜಡೆಯಿಂದ ಒಂದು ಆವರಿಕೆ ಹೂ ನನ್ನ ಮಡಿಲಿಗೆ ಉದುರಿತು. ಆ ಹಳದಿಗೆ ಎಷ್ಟು ಸೊಕ್ಕು ನೋಡಿ, ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

ನಾನು ಮನೋಳಿಗೆ ಸೊಸೆಯಾಗಿ ಬಂದ ವರ್ಷವೇ ಊರಲ್ಲಿ ಇಲಿ ಬಿದ್ದವು. ಪ್ಲೇಗು ಎಂದ ಕೂಡಲೇ ಊರಿಗೆ ಊರೇ ಮನೆಗಳಿಗೆ ಕೀಲಿ ಹಾಕಿ, ದನ ಮೇಯುವ ಗಾಯರಾಣದಲ್ಲಿ ಗುಡಿಸಲು ಹಾಕಿಕೊಂಡಿತು. ನಗಬೇಡಿ, ನನಗೆ ಒಳಗೊಳಗೇ ಹಬ್ಬ. ಗೋಡೆಯಿಲ್ಲ, ಹೊಸ್ತಿಲಿಲ್ಲ. ಎಕ್ಕೆಗಿಡದ ಸುತ್ತ ಕಾವಿ ಬಣ್ಣದ ಪಾತರಗಿತ್ತಿಗಳು, ನೆಗ್ಗಿಲ ಹೂವಿನ ಮೇಲೆ ಉಗುರಗಲದ ನೀಲಿಯವು. ನೀರಿಗೆಂದು ಹೋದವಳು ಬರಿಗೊಡ ಹೊತ್ತುಕೊಂಡು ಅವುಗಳ ಹಿಂದೆ ತಿರುಗುತ್ತಿದ್ದೆ.

"ಕಾಲಿಗೆ ಚಕ್ರ ಕಟಗೊಂಡ ಹುಟ್ಟೀ ಏನಬೇ?" ಎನ್ನುತ್ತಿದ್ದರು ಅತ್ತೆ.

ಎಂಟು ದಿನಕ್ಕೆ ಅತ್ತೆಗೇ ಜ್ವರ ಬಂತು. ಜ್ವರದವರು ದೂರದ ಗುಡಿಸಲಲ್ಲಿ ಬೇರೆ ಇರಬೇಕು. ಗುಡಿಸಲಿನಿಂದ ಹತ್ತು ಹೆಜ್ಜೆ ಈಚೆಗೆ ಒಂದು ಸಾಲು ಕಲ್ಲು, ಅದನ್ನು ದಾಟುವಂತಿಲ್ಲ. ಅಲ್ಲಿನ ಚಪ್ಪಟೆ ಕಲ್ಲಿನ ಮೇಲೆ ರೊಟ್ಟಿ ಇಟ್ಟು, ಕಾಗೆ ಮುಟ್ಟದಂತೆ ಬುಟ್ಟಿ ಕವುಚಿ ಬರುವ ಕೆಲಸ ನನ್ನದು. ರೊಟ್ಟಿಯ ಮೇಲೆ ದಿನಕ್ಕೊಂದು ಆವರಿಕೆ ಹೂ ಇಡುತ್ತಿದ್ದೆ. ಮರುದಿನ ಬುಟ್ಟಿ ಎತ್ತಿದಾಗ ಹೂವಿಲ್ಲದಿದ್ದರೆ ಅತ್ತೆ ಎದ್ದು ಬಂದಿದ್ದಾರೆ ಎಂದರ್ಥ. ಅಲ್ಲಿಯವರೆಗೆ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಈಗ ಅದು ಪಾತರಗಿತ್ತಿಯ ಆಸೆಗಲ್ಲ.

ಆರನೆಯ ಬೆಳಿಗ್ಗೆ ಬುಟ್ಟಿ ಎತ್ತಿದರೆ ಹೂವೂ ರೊಟ್ಟಿಯೂ ಇಟ್ಟಂತೆಯೇ ಇದ್ದವು. ಮಾವನೆದುರು ಎಂದೂ ಬಾಯಿ ಬಿಡದ ನಾನು, ಸೆರಗು ಜಾರಿದ್ದೂ ತಿಳಿಯದೆ "ಅತ್ತೀ!" ಎಂದು ಚೀರಿ ಕಲ್ಲಿನಾಚೆ ಒಂದು ಕಾಲು ಇಟ್ಟೇಬಿಟ್ಟೆ.

ಗುಡಿಸಲಿನಿಂದ ಸಣ್ಣ ದನಿ ಬಂತು. "ದಾಟಿದೀ ಅಂದ್ರ ಕಾಲ್ ಮುರೀತೇನಿ! ಹೂವಿನ ಮ್ಯಾಲ ಪಾತರಗಿತ್ತಿ ಕುಂತಿತ್ತ. ಎಬ್ಬಿಸೋದ್ ಬ್ಯಾಡಂತ ಬಿಟ್ಟ ಬಂದ್ನಿ."

"ಮತ್ತ ರೊಟ್ಟಿರಿ?"

"ಹೂ ಇದ್ದದ್ದ ರೊಟ್ಟಿ ಮ್ಯಾಲಲ್ಲೇನ, ಹುಚ್ಚಿ! ಹೋಗ, ಬಿಸೀದ್ ಮಾಡ್ಕೊಂಡ ಬಾ."

ನಂಬಿ ಕಾಲು ಹಿಂದಕ್ಕೆ ತೆಗೆದುಕೊಂಡೆ. ಮೂರು ವಾರಕ್ಕೆ ಅತ್ತೆ ಕೋಲೂರಿಕೊಂಡು ತಾವೇ ಕಲ್ಲು ದಾಟಿ ಬಂದರು. ಆಮೇಲೆ ಮೂವತ್ತು ವರ್ಷ ಬಾಳಿದರು, ನನ್ನನ್ನು ಬೈಯುತ್ತಲೇ.

ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ. ಇವತ್ತು ಹೇಳುವಾಗ ಮೊಮ್ಮಗಳು ನಿಂತಲ್ಲೇ ನಿಂತು ಕೇಳಿದಳು: "ಆಯಿ, ರೊಟ್ಟಿ ಮ್ಯಾಲ ಬುಟ್ಟಿ ಡಬ್ಬ ಹಾಕಿದ್ದಿಯಲ್ಲ? ಪಾತರಗಿತ್ತಿ ಒಳಗ ಹೆಂಗ ಹೊಕ್ತು?"

ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಹೂ ಹಿಡಿದು ಕುಳಿತೆ. ನಲವತ್ತು ವರ್ಷ ನನಗೆ ಹೊಳೆಯಲೇ ಇಲ್ಲವಲ್ಲ! ಆ ದಿನ ಅತ್ತೆಗೆ ಕಲ್ಲಿನ ತನಕ ಬರಲೂ ತ್ರಾಣವಿರಲಿಲ್ಲ.

ಬಿಸಿಲು ಇಳಿದ ಮೇಲೆ ಮೊಮ್ಮಗಳ ಕೈ ಹಿಡಿದು ಗಾಯರಾಣಕ್ಕೆ ಹೋದೆ. ಅವಳು ಕೈ ಬಿಡಿಸಿಕೊಂಡು ಓಡಿದಳು. ನಾನು ಕರೆಯಲಿಲ್ಲ.