ಒಂದೇ ಉಸಿರಿನ ಎಣಿಕೆ

ಗಿರಣಿಯ ಬೆಲ್ಟು ಪಟಪಟನೆ ಹೊಡೆದುಕೊಳ್ಳುವ ಸದ್ದು ಆ ಓಣಿಯಲ್ಲಿ ಬೆಳಗಾಗುತ್ತಲೇ ಶುರುವಾಗುತ್ತದೆ. ಅವಳ ಮನೆ ಗಿರಣಿಯ ಗೋಡೆಗೇ ಅಂಟಿಕೊಂಡಿದೆ. ಗೋಡೆ ಸಣ್ಣಗೆ ನಡುಗುತ್ತದೆ, ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಕಿ ಗುನುಗುತ್ತವೆ. ಮನೆಗೆ ಬಂದ ಹೊಸಬರು ಕಿರುಚಿ ಮಾತಾಡುತ್ತಾರೆ. ಅವಳು ಮಾತ್ರ ಆ ಸದ್ದಿನೊಳಗೇ ಹಾಲು ಉಕ್ಕುವುದನ್ನೂ ಗೇಟು ತೆರೆಯುವುದನ್ನೂ ಮಹಡಿಯ ಮೇಲೆ ಗಂಡ ಕ್ಲಾರಿನೆಟ್ಟಿಗೆ ತುಟಿ ಇಡುವ ಮೊದಲು ಎಳೆದುಕೊಳ್ಳುವ ಉಸಿರನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಾಳೆ.

ಓಣಿಗೆಲ್ಲ ಅವಳು ಇಸ್ತ್ರಿ ಅಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಜಗುಲಿಯಲ್ಲಿ ಒಂದು ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಸುಟ್ಟ ಗುರುತುಗಳಿರುವ ಬಿಳಿ ಬಟ್ಟೆ. ಅವಳ ಗಂಡ ಬ್ಯಾಂಡಿನ ಮೇಷ್ಟ್ರು. ಮದುವೆಗೆ, ಅಂಗಡಿ ತೆರೆಯುವುದಕ್ಕೆ, ಗೆದ್ದವರ ಮೆರವಣಿಗೆಗೆ ಅವರ ಬ್ಯಾಂಡು ಹೋಗುತ್ತದೆ. ಮುಂದೆ ಅವರು ಕ್ಲಾರಿನೆಟ್ ಊದುತ್ತಾರೆ, ಹಿಂದೆ ಅವರ ತಮ್ಮ ದೊಡ್ಡ ಡ್ರಮ್ಮು ಬಾರಿಸುತ್ತಾನೆ. ಎಲ್ಲರ ಕೆಂಪು ಕೋಟುಗಳೂ ಅವಳ ಮೇಜಿಗೇ ಬರುತ್ತವೆ. ಜರಿಪಟ್ಟಿಯ ಮೇಲೆ ಒದ್ದೆ ಬಟ್ಟೆ ಹಾಸಿ, ಮೆಲ್ಲಗೆ ಒತ್ತಿ ಎತ್ತುವುದು ಅವಳಿಗಷ್ಟೇ ಬರುವ ಕೆಲಸ.

ಅವಳದು ಮೊದಲಿನಿಂದಲೂ ಪುಕ್ಕಲು ಸ್ವಭಾವ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಬೀಗ ಹಾಕಿ ಹೊರಟವಳು ಓಣಿಯ ತಿರುವಿನಿಂದ ವಾಪಸ್ಸು ಬಂದು ಮತ್ತೆ ನೋಡುತ್ತಾಳೆ. "ನೀನು ಸತ್ತಮೇಲೂ ಒಂದ್ಸಲ ಎದ್ದು ಬಂದು ಪ್ಲಗ್ ನೋಡ್ಕೊಂಡೇ ಹೋಗೋದು" ಎಂದು ಮೇಷ್ಟ್ರು ನಗುತ್ತಿದ್ದರು. ಅವರಿಗೆ ಯಾವುದಕ್ಕೂ ಹೆದರಿಕೆಯಿಲ್ಲ ಎಂದೇ ಅವಳು ನಂಬಿದ್ದಳು. ಮನೆಯಲ್ಲಿ ಹೆದರುವ ಕೆಲಸ ತನ್ನ ಪಾಲಿಗೆ ಬಂದದ್ದು ಎಂದುಕೊಂಡಿದ್ದಳು.

ಕಾಯಿಲೆ ಬಂದದ್ದು ಕಾಲಿನಿಂದ. ಒಂದು ಮೆರವಣಿಗೆ ಮುಗಿಸಿ ಬಂದ ಮೇಲೆ ಮೇಷ್ಟ್ರಿಗೆ ಹೊಟ್ಟೆ ಕೆಟ್ಟಿತ್ತು, ವಾಸಿಯೂ ಆಗಿತ್ತು. ಅದನ್ನು ಎಲ್ಲರೂ ಮರೆತ ಮೇಲೆ ಒಂದು ದಿನ, ಪಾದದಲ್ಲಿ ಇರುವೆ ಹರಿದ ಹಾಗಾಗುತ್ತದೆ ಎಂದರು. ಆಮೇಲೆ ಪ್ಯಾಂಟಿಗೆ ಕಾಲು ತೂರಿಸಲು ಗೋಡೆ ಹಿಡಿದರು. ಓಣಿಯ ಡಾಕ್ಟರು ನಿಶ್ಶಕ್ತಿ ಎಂದು ಸೂಜಿ ಚುಚ್ಚಿ ಕಳಿಸಿದರು. ಮರುದಿನ ಮಹಡಿಯಿಂದ ಬಂದ ಸ್ವರದಲ್ಲಿ ಅವಳಿಗೆ ಗಾಳಿ ಕೇಳಿಸಿತು. ತುಟಿಯ ಮೂಲೆಯಿಂದ ಉಸಿರು ಸೋರುತ್ತಿತ್ತು. ಇಷ್ಟು ವರ್ಷಗಳಲ್ಲಿ ಆ ತುಟಿ ಸೋರಿದ್ದನ್ನು ಅವಳು ಕೇಳಿರಲಿಲ್ಲ. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಮೇಲೆ ಹೋದಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. "ಏಳೋಕಾಗ್ತಿಲ್ಲ ಕಣೆ" ಎಂದರು, ಯಾರದೋ ಸುದ್ದಿ ಹೇಳುವವರ ಹಾಗೆ.

ತಮ್ಮನೇ ಅಣ್ಣನನ್ನು ಬೆನ್ನ ಮೇಲೆ ಹೊತ್ತುಕೊಂಡೇ ದೊಡ್ಡಾಸ್ಪತ್ರೆಗೆ ತಂದ.

ಅಲ್ಲಿನ ಡಾಕ್ಟರಮ್ಮ ಚಿಕ್ಕ ರಬ್ಬರ್ ಸುತ್ತಿಗೆಯಿಂದ ಮೇಷ್ಟ್ರ ಮಂಡಿಯ ಕೆಳಗೆ ತಟ್ಟಿದರು. ಕಾಲು ಎಗರಲಿಲ್ಲ. ಇನ್ನೊಂದಕ್ಕೆ ತಟ್ಟಿದರು. ಅದೂ ಅಲ್ಲಾಡಲಿಲ್ಲ.

"ಏಟು ಸರಿ ಬೀಳ್ಲಿಲ್ಲ ಅನ್ಸುತ್ತೆ ಮೇಡಂ" ಎಂದ ತಮ್ಮ. "ನಾನು ಡ್ರಮ್ ಬಾರ್ಸೋನು, ಅದಕ್ಕೆ ಹೇಳ್ದೆ."

"ಏಟು ಬಿದ್ದಿದೆ. ಉತ್ತರ ಬರ್ತಿಲ್ಲ, ಅಷ್ಟೆ" ಎಂದರು ಡಾಕ್ಟರಮ್ಮ. ನಗಲಿಲ್ಲ. "ಈಚೆಗೆ ಹೊಟ್ಟೆ ಏನಾದ್ರೂ ಕೆಟ್ಟಿತ್ತಾ?"

ಅವಳು ಹೌದೆಂದಳು. ಮರೆತೇಹೋಗಿದ್ದ ಹೊಟ್ಟೆನೋವಿಗೂ ಈ ಕಾಲಿಗೂ ಏನು ಸಂಬಂಧ?

ಬೆನ್ನುಮೂಳೆಯಿಂದ ನೀರು ತೆಗೆದು ನೋಡಿದರು. ಕೈಕಾಲಿಗೆ ತಂತಿ ಅಂಟಿಸಿ ನರಗಳನ್ನು ಪರೀಕ್ಷಿಸಿದರು. ಆಮೇಲೆ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಮೈಯನ್ನ ಕಾಯೋ ಶಕ್ತಿ ದಾರಿತಪ್ಪಿ ಮೈಮೇಲೇ ಬಿದ್ದಿದೆ. ಕರೆಂಟ್ ವೈರಿನ ಮೇಲೆ ಹೊದಿಕೆ ಇರುತ್ತಲ್ಲ, ನರದ ಮೇಲಿನ ಅಂಥದ್ದೇ ಹೊದಿಕೆ ಕಿತ್ತುಹೋಗ್ತಿದೆ. ಅದು ಮತ್ತೆ ಬೆಳೆಯುತ್ತೆ, ಔಷಧಿನೂ ಶುರು ಮಾಡಿದೀವಿ. ನನ್ನ ಭಯ ಕಾಲಿಂದಲ್ಲಮ್ಮ. ಇದು ಕಾಲಿಂದ ಮೇಲಕ್ಕೆ ಹತ್ತುತ್ತೆ. ಎದೆಗೆ ಬಂದ್ರೆ ಉಸಿರಾಡೋ ಶಕ್ತಿನೂ ಹೋಗುತ್ತೆ. ಅದಕ್ಕೆ ಮುಂಚೆ ಗಂಟಲಿಗೆ ಟ್ಯೂಬ್ ಹಾಕಿ ಉಸಿರಿನ ಯಂತ್ರಕ್ಕೆ ಸೇರಿಸಬೇಕು. ಸರಿಯಾದ ಹೊತ್ತಿಗೆ ಹಾಕಿದ್ರೆ ದಾಟಿಸ್ತೀವಿ."

"ತಡ ಆದ್ರೆ?"

"ತಡ ಆಗಬಾರದು."

ಹೊತ್ತು ಗೊತ್ತುಮಾಡಲು ಊದುವ ಯಂತ್ರವೊಂದಿತ್ತು. ಮೇಷ್ಟ್ರ ತುಟಿ ಅದರ ಕೊಳವೆಯನ್ನು ಬಿಗಿಯಾಗಿ ಹಿಡಿಯಲಿಲ್ಲ. ಗಾಳಿಯೆಲ್ಲ ಪಕ್ಕದಿಂದ ಹೋಯಿತು. ಜೀವಮಾನವೆಲ್ಲ ಊದಿದ ಮನುಷ್ಯ ಆ ಕೊಳವೆಯನ್ನು ನೋಡುತ್ತ ಕೂತ ರೀತಿಯನ್ನು ಅವಳಿಗೆ ನೋಡಲಾಗಲಿಲ್ಲ. ರಕ್ತದ ಪರೀಕ್ಷೆಯಲ್ಲಿ ತಿಳಿಯುವ ಹೊತ್ತಿಗೆ ಕೈಮೀರಿರುತ್ತದೆ ಎಂದರು ಡಾಕ್ಟರಮ್ಮ. ಹಾಗಾಗಿ ಉಳಿದದ್ದು ಎಣಿಕೆ. ಎದೆ ತುಂಬ ಉಸಿರು ತೆಗೆದುಕೊಂಡು, ನಡುವೆ ಮತ್ತೆ ಎಳೆದುಕೊಳ್ಳದೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತ ಹೋಗಬೇಕು. ನಿಂತ ಸಂಖ್ಯೆಯೇ ಎದೆಯ ಬಲ. ಮೊದಲ ಸಲ ಮೇಷ್ಟ್ರು ನಲವತ್ತು ದಾಟಿದರು. ಮಾರನೆಯ ದಿನ ಮೂವತ್ತಕ್ಕೆ ನಿಂತರು. ಹದಿನೈದಕ್ಕೆ ಬಂದರೆ ಕಾಯುವುದಿಲ್ಲ, ಟ್ಯೂಬ್ ಹಾಕುತ್ತೇವೆ ಎಂದು ಡಾಕ್ಟರಮ್ಮ ಎಲ್ಲರ ಎದುರಿಗೇ ಹೇಳಿದರು. ಹೊರಡುವಾಗ ಅವಳತ್ತ ತಿರುಗಿ, "ನೀವು ಜೊತೆಗೆ ಬಾಳಿದೋರು. ನಮಗೆ ಕಾಣದ್ದು ನಿಮಗೆ ಕಂಡ್ರೆ ಹೇಳಿ" ಎಂದರು.

ಮೇಷ್ಟ್ರು ಹದಿನೈದು ಎಂಬುದನ್ನು ಕೇಳಿಸಿಕೊಂಡಿದ್ದರು.

ಅವರ ಬ್ಯಾಂಡಿನಲ್ಲಿ ತುತ್ತೂರಿ ಊದುವ ಮುದುಕರೊಬ್ಬರಿದ್ದರು. ಅವರಿಗೆ ಹಿಂದೊಮ್ಮೆ ಗಂಟಲಿಗೆ ಟ್ಯೂಬ್ ಹಾಕಿದ್ದರು. ಬದುಕಿ ಮನೆಗೆ ಬಂದರೂ ದನಿ ತರಗೆಲೆಯ ಹಾಗಾಗಿತ್ತು. ತುತ್ತೂರಿಯನ್ನು ಮತ್ತೆ ಮುಟ್ಟಲಿಲ್ಲ. ಅವರನ್ನು ನೋಡಿಬಂದ ದಿನ ಮೇಷ್ಟ್ರು ಊಟ ಮಾಡಿರಲಿಲ್ಲ. ಈಗ ತೀವ್ರ ನಿಗಾ ಘಟಕಕ್ಕೆ ಒಯ್ಯುವ ಮೊದಲು ಅವಳನ್ನು ಹತ್ತಿರ ಕರೆದು, "ಪೈಪು ಗಂಟಲಿಗಿಳಿದ್ರೆ ನಾನು ಮುಗ್ದೆ. ಹಾಕೋಕೆ ಬಿಡಲ್ಲ ಅಂತ ಹೇಳು" ಎಂದರು. ಅವರ ಕೈಗೆ ಅವಳ ಕೈ ಹಿಡಿಯುವ ಬಲವಿರಲಿಲ್ಲ. ಅವಳೇ ಹಿಡಿದುಕೊಂಡು, "ಬಿಡಲ್ಲ ರೀ" ಎಂದಳು. ಹೆದರಿದವರು ಆ ಹೊತ್ತಿಗೆ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ.

ಒಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಚಪ್ಪಲಿ ಬಿಟ್ಟು, ತಲೆಗೆ ಟೋಪಿ ಹಾಕಿ, ಮೈಗೆ ಹಸಿರು ನಿಲುವಂಗಿ ತೊಟ್ಟು, ಕೈ ತೊಳೆದು ಹೋಗಬೇಕು. ಅಲ್ಲಿನ ಯಾವ ಸದ್ದೂ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಒಂದು ಯಂತ್ರ ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇನ್ನೊಂದು ಮೆಲ್ಲಗೆ ಗುಂಯ್ಗುಟ್ಟಿದರೆ ಎಲ್ಲರೂ ಓಡುತ್ತಿದ್ದರು. ಯಾವುದಕ್ಕೆ ಹೆದರಬೇಕೆಂದು ತಿಳಿಯದೆ ಅವಳು ಎಲ್ಲದಕ್ಕೂ ಹೆದರಿದಳು. ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು, ನಿಲುವಂಗಿಯ ತುದಿಯೂ ಯಾವ ತಂತಿಗೂ ತಾಗದ ಹಾಗೆ ಗಂಡನ ಕಾಲದೆಸೆಯಲ್ಲಿ ನಿಲ್ಲುತ್ತಿದ್ದಳು. ಅವರ ತಲೆಯ ಮೇಲೆ ಗಾಜಿನ ಬಾಟಲಿ. ಔಷಧಿ ನೊರೆಯಾಗದಂತೆ ಹನಿಹನಿಯಾಗಿ ಇಳಿಯುತ್ತಿತ್ತು.

ಮೂವತ್ತು ಇಪ್ಪತ್ತೆರಡಾಯಿತು. ಅಲ್ಲಿಗೆ ನಿಂತಿತು. ಎಷ್ಟು ಸಲ ಎಣಿಸಿದರೂ ಇಪ್ಪತ್ತೆರಡು. ಎರಡು ದಿನ ಅದು ಕದಲಲಿಲ್ಲ.

ಹೊರಗೆ ಬೆಂಚಿನ ಮೇಲೆ ತಮ್ಮನ ದರ್ಬಾರು. ಕಾಯುತ್ತ ಕೂತ ಯಾರೋ ಅಪರಿಚಿತರಿಗೆ ಹೇಳುತ್ತಿದ್ದ: "ನಮ್ಮಣ್ಣನ ಎದೆ ಅಂದ್ರೆ ಕುಲುಮೆ ತಿದಿ ಸಾರ್, ತಿದಿ. ಹಾಡು ಮುಗಿಯೋವರೆಗೂ ಉಸಿರೇ ಎಳ್ಕೊಳಲ್ಲ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಪೈಪೇ ಗತಿ."

ಮೂರನೆಯ ಮಧ್ಯಾಹ್ನ ಅವಳು ಒಳಗಿದ್ದಾಗಲೇ ಸಿಸ್ಟರ್ ಎಣಿಕೆಗೆ ಬಂದರು. ಸಿಸ್ಟರ್ ತಲೆದೆಸೆಯಲ್ಲಿ ನಿಂತು ಯಂತ್ರದ ಪರದೆಯ ಮೇಲೆ ಕಣ್ಣಿಟ್ಟಿದ್ದರು. ಅವಳು ಎಂದಿನಂತೆ ಕಾಲದೆಸೆಯಲ್ಲಿದ್ದಳು.

"ಒಂದು, ಎರಡು, ಮೂರು..."

ದನಿ ತೆಳುವಾಗಿತ್ತು, ಮೂಗಿನಿಂದ ಬರುತ್ತಿತ್ತು. ಐದಾದ ಮೇಲೆ ಕೂದಲೆಳೆಯಷ್ಟು ತಡ. ತುಟಿ ಮುಚ್ಚಿತು, ಮೂಗಿನ ಹೊಳ್ಳೆ ಒಂದಿಷ್ಟು ಅರಳಿ ಮುದುಡಿತು. ಆರು, ಏಳು, ಎಂಟು. ಒಂಬತ್ತರ ಬಳಿಕ ಮತ್ತೆ ಅರಳಿತು. ಇಪ್ಪತ್ತೆರಡಕ್ಕೆ ನಿಂತಿತು.

"ವೆರಿ ಗುಡ್ ಮೇಷ್ಟ್ರೇ. ಅಷ್ಟೇ ಇದೆ" ಎಂದರು ಸಿಸ್ಟರ್.

ಮೂಗಿನ ಆ ಅರಳುವಿಕೆ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು, ಅಷ್ಟು ಹೊತ್ತು ಊದುವಾಗ ನಿಮಗೆ ಉಸಿರೇ ಬೇಡವೇ ಎಂದು. ಅವರು ಅವಳ ಬೆರಳನ್ನು ತಮ್ಮ ಮೂಗಿನ ಕೆಳಗಿಟ್ಟು ಊದಿದ್ದರು. ಸ್ವರ ಎಲ್ಲೂ ಕಡಿಯಲಿಲ್ಲ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿ ಕೊಳವೆಗೆ ಹೋಗುತ್ತಿರುವಾಗಲೇ ಮೂಗು ಕದ್ದು ಒಂದು ಗುಟುಕು ಎಳೆದುಕೊಂಡಿತ್ತು. ಬೆರಳಿಗೆ ಮಾತ್ರ ತಂಪಾಗಿತ್ತು. ಬ್ಯಾಂಡಿನವರಿಗೂ ಹೇಳದ ಗುಟ್ಟು ಅದು. ಹದಿನೈದರ ಮೇಲೆ ನಿಲ್ಲಲು ಈಗ ಅವರು ಅದನ್ನೇ ಖರ್ಚು ಮಾಡುತ್ತಿದ್ದರು.

ಪಕ್ಕದ ಮಂಚದ ಯಂತ್ರ ಮೆಲ್ಲಗೆ ಗುಂಯ್ಗುಟ್ಟಿತು. ಸಿಸ್ಟರ್ ಅತ್ತ ಓಡಿದರು, ಪರದೆ ಎಳೆದರು.

ಅವಳು ಮೊದಲ ಸಲ ತಲೆದೆಸೆಗೆ ಬಂದಳು. "ರೀ, ಇನ್ನೊಂದ್ಸಲ ಎಣಿಸಿ."

"ನಿನ್ನದೂ... ಪರೀಕ್ಷೆನಾ?"

ಅವಳು ಎರಡು ಬೆರಳಿನಿಂದ ಅವರ ಮೂಗನ್ನು ಮೆಲ್ಲಗೆ ಒತ್ತಿ ಹಿಡಿದಳು. ಜರಿಪಟ್ಟಿಯನ್ನು ಒತ್ತುವಷ್ಟೇ ಮೆಲ್ಲಗೆ. ಅವರು ಅವಳ ಮುಖವನ್ನೇ ನೋಡಿದರು. ಬಾಯಿಂದ ಉಸಿರು ತುಂಬಿಕೊಂಡು ಶುರುಮಾಡಿದರು. ಆರಕ್ಕೆ ದನಿ ಪಿಸುಮಾತಾಯಿತು. ಎಂಟಕ್ಕೆ ನಿಂತಿತು. ತುಟಿ ಒಂಬತ್ತು ಎಂದಿತು, ಸದ್ದು ಬರಲಿಲ್ಲ.

ಅವಳು ಕೈ ತೆಗೆದಳು. ಅವರ ಹಣೆಯ ಮೇಲೆ ಬೆವರು ಸಾಸಿವೆಕಾಳಿನ ಹಾಗೆ ನಿಂತಿತ್ತು. ಪ್ರತಿ ಉಸಿರಿಗೂ ಕತ್ತಿನ ನರಗಳು ಎದ್ದೆದ್ದು ಬೀಳುತ್ತಿದ್ದವು.

"ಹೇಳ್ಬೇಡ."

"ನಂಗೆ ಹೆದರಿಕೆ ಆಗ್ತಿದೆ ರೀ."

"ನಿಂಗೆ... ಯಾವಾಗ ಆಗಲ್ಲ?" ನಗಲು ಹೋದರು. ಮುಖ ಒಂದೇ ಕಡೆಗೆ ನಕ್ಕಿತು. ಆಮೇಲೆ ಕಣ್ಣಿನಲ್ಲಿ ಬಂದದ್ದನ್ನು ಅವಳು ಆ ಕಣ್ಣುಗಳಲ್ಲಿ ಎಂದೂ ಕಂಡಿರಲಿಲ್ಲ. "ನಂಗೂ ಆಗ್ತಿದೆ ಕಣೆ. ಮಾತು ಕೊಟ್ಟಿದೀಯ."

"ಎಲ್ರೂ ಹೊರಗೆ ನಡೀರಿ, ಬೇಗ!" ಕಾವಲಿನವನು ಬಾಗಿಲಿನಿಂದ ಕೂಗಿದ. ಪಕ್ಕದ ಮಂಚಕ್ಕೆ ಇನ್ನಿಬ್ಬರು ಓಡಿಬಂದರು. ನೋಡಲು ಬಂದಿದ್ದವರನ್ನೆಲ್ಲ ಹೊರಗೆ ತಳ್ಳಿದ ಹಾಗೆ ಕಳಿಸಿದರು. ಅವಳು ನಿಲುವಂಗಿಯಲ್ಲೇ, ಬರಿಗಾಲಿನಲ್ಲೇ ಮೊಗಸಾಲೆಗೆ ಬಂದು ಗೋಡೆ ಹಿಡಿದು ನಿಂತಳು. ಎಂಟು. ಹದಿನೈದಲ್ಲ, ಎಂಟು. ಒಳಗೆ ಎಲ್ಲರ ಕಣ್ಣೂ ಬೇರೆ ಮಂಚದ ಮೇಲಿತ್ತು.

ಫೋನು ಜೇಬಿಗಿಡುತ್ತ ತಮ್ಮ ಓಡಿಬಂದ. "ಅತ್ತಿಗೆ, ಸಿಹಿಸುದ್ದಿ! ಎಣಿಕೆ ಎರಡು ದಿನದಿಂದ ಇಳಿದಿಲ್ವಲ್ಲ, ಸಂಜೆ ವಾರ್ಡಿಗೆ ಹಾಕ್ತಾರಂತೆ. ಡಾಕ್ಟರಮ್ಮನೇ ಹೇಳಿದ್ರು. ಬೇರೆ ಯಾರಿಗೋ ಈ ಮಂಚ ಬೇಕಂತೆ. ಬ್ಯಾಂಡಿನೋರಿಗೆಲ್ಲ ಹೇಳ್ಬಿಟ್ಟೆ."

"ವಾರ್ಡಲ್ಲಿ ಯಾರು ನೋಡ್ಕೋತಾರೆ?"

"ನಾವೇ ಇರ್ತೀವಲ್ಲ! ಯಾಕೆ, ಮುಖ ಹಂಗಿದೆ? ಮನೇಲಿ ಪ್ಲಗ್ ಕಿತ್ತಿಲ್ವಾ?"

"ನಿಮ್ಮಣ್ಣ ಕದ್ದು ಉಸಿರು ಎಳ್ಕೋತಿದಾರೆ. ಮೂಗಲ್ಲಿ. ಕ್ಲಾರಿನೆಟ್ ಊದೋವಾಗ್ಲೂ ಹಂಗೇ ಮಾಡ್ತಾರೆ, ಯಾರಿಗೂ ಹೇಳಿಲ್ಲ. ಮೂಗು ಹಿಡಿದು ನೋಡ್ದೆ. ಎಂಟೇ ಬರೋದು."

ತಮ್ಮ ಅತ್ತಿತ್ತ ನೋಡಿದ. ಆಮೇಲೆ ದನಿ ತಗ್ಗಿಸಿದ. "ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹೇಳ್ಬೇಡಿ ಅತ್ತಿಗೆ. ಔಷಧಿ ಹೋಗ್ತಿದೆಯಲ್ಲ, ನಾಳೆ ಹೊತ್ತಿಗೆ ಸರಿ ಹೋಗ್ಬಹುದು. ಪೈಪ್ ಹಾಕಿಸಿದ್ರೆ ಅಣ್ಣ ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ. ನಿಮ್ಮ ಹತ್ರ ಮಾತು ತಗೊಂಡಿದಾನೆ ತಾನೆ?"

"ತಗೊಂಡಿದಾರೆ."

"ಮತ್ತೆ?"

ಅವಳು ಗಾಜಿನ ಬಾಗಿಲಿನತ್ತ ನೋಡಿದಳು. ಒಳಗಿನದೇನೂ ಕಾಣುತ್ತಿರಲಿಲ್ಲ, ಗಾಜಿನಲ್ಲಿ ಹಸಿರು ಬಟ್ಟೆಯ ಒಬ್ಬ ಹೆಂಗಸು ನಿಂತಿದ್ದಳು, ತಲೆಯ ಟೋಪಿ ವಾರೆಯಾಗಿತ್ತು. ಟ್ಯೂಬ್ ಹಾಕಿದ ಮೇಲೆ ಏಳದೆ ಹೋದರೆ? ಎದ್ದು, ದನಿ ಇಲ್ಲದೆ, ಮಹಡಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತರೆ? ಮಾತು ಕೊಟ್ಟವಳು ನೀನೇ ಅಲ್ಲವೇ ಎಂಬಂತೆ ದಿನವೂ ತನ್ನನ್ನು ನೋಡಿದರೆ?

"ಮುಖ ನೋಡದಿದ್ರೆ ಬೇಡ" ಎಂದಳು. "ನೋಡಲ್ಲ ಅನ್ನೋಕಾದ್ರೂ ಅವರು ಇರ್ಬೇಕಲ್ಲಪ್ಪ."

"ಅತ್ತಿಗೆ, ಒಂದ್ನಿಮಿಷ ಕೂತ್ಕೊಳ್ಳಿ, ಇಬ್ರೂ ಯೋಚ್ನೆ ಮಾಡಣ..."

ಮೊಗಸಾಲೆಯ ಆ ತುದಿಯಲ್ಲಿ ಡಾಕ್ಟರಮ್ಮ ತಮ್ಮ ಕೊಠಡಿಯಿಂದ ಹೊರಬಂದು ಲಿಫ್ಟಿನ ಗುಂಡಿ ಒತ್ತುತ್ತಿದ್ದರು.

"ಯೋಚ್ನೆ ನೀನು ಮಾಡ್ತಿರು, ಬೇಕಾದ್ರೆ ನಿಮ್ಮಣ್ಣಂಗೆ ನಾನೇ ಹೇಳ್ತೀನಿ ನಿಮ್ಮ ತಮ್ಮಂದೇನೂ ತಪ್ಪಿಲ್ಲ ಅಂತ, ಈಗ ಲಿಫ್ಟ್ ಬಂದ್ಬಿಟ್ರೆ ಅವರು ಮತ್ತೆ ಸಿಗಲ್ಲ, ನೀನಿಲ್ಲೇ ಬಾಗಿಲು ಬಿಟ್ಟು ಕದಲಬೇಡ, ಕರೆದ್ರೆ ತಕ್ಷಣ ನಂಗೆ..." ಎನ್ನುತ್ತಲೇ ಅವಳು ಬರಿಗಾಲಿನಲ್ಲಿ ಹೊರಟಿದ್ದಳು, ಉಳಿದ ಮಾತು ತಮ್ಮನಿಗೆ ಕೇಳಿಸಲಿಲ್ಲ.